ಬೋರ್ಸ್ಟಲ್: ಒಂದು ಗುಡ್ಡದ ಇತಿವೃತ್ತ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ರೋಚೆಸ್ಟರ್ ಪಟ್ಟಣದ ಹೊರವಲಯದಲ್ಲಿ, ಮೆಡ್ವೇ ನದಿಯನ್ನು ಕೆಳಗಿಟ್ಟುಕೊಂಡು ನಿಂತಿರುವ ಗುಡ್ಡದ ಮೇಲೆ ಬೋರ್ಸ್ಟಲ್ ಎಂಬುದೊಂದು ಹಳ್ಳಿ. ಪ್ರೇಕ್ಷಣೀಯ ಸ್ಥಳಗಳನ್ನು ಅರಸಿ ಹೊರಡುವ ಯಾತ್ರಿಕನು ಅದನ್ನು ಹುಡುಕಿಕೊಂಡು ಹೋಗುವ ಕಾರಣವೇನೂ ಇಲ್ಲ. ಆದರೂ ಆ ಹಳ್ಳಿಯ ಹೆಸರು ಸಮುದ್ರವನ್ನು ದಾಟಿ, ಪಂಜಾಬು, ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳ ಶಾಸನಗ್ರಂಥಗಳನ್ನು ಹೊಕ್ಕು, ಕೊನೆಗೆ ನಮ್ಮ ಧಾರವಾಡದ ಒಂದು ಸಂಸ್ಥೆಗೂ ಅಂಟಿಕೊಂಡಿತು. ಹದಿನಾರನ್ನು ದಾಟಿ ಇಪ್ಪತ್ತೊಂದನ್ನು ಮುಟ್ಟದ ತರುಣಾಪರಾಧಿಗಳನ್ನು ಪಳಗಿದ ಕೈದಿಗಳ ಸಹವಾಸದಿಂದ ಬೇರ್ಪಡಿಸಿ, ಕೆಲಸ, ವ್ಯಾಯಾಮ, ವಿದ್ಯೆ ಇವುಗಳ ಮೂಲಕ ತಿದ್ದಬೇಕೆಂಬ ಪ್ರಯೋಗವು ಇಂಗ್ಲೆಂಡಿನಲ್ಲಿ ಮೊತ್ತಮೊದಲು ವ್ಯವಸ್ಥಿತವಾಗಿ ನಡೆದದ್ದು ಆ ಗುಡ್ಡದ ಮೇಲೆ. ಆ ಪ್ರಯೋಗದ ಏಳುಬೀಳುಗಳನ್ನೆಲ್ಲ ಕಂಡದ್ದೂ ಬಹುಮಟ್ಟಿಗೆ ಅದೇ ಗುಡ್ಡ.

ಇಂಥ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಶಿಲಾನ್ಯಾಸದ ದಿನ, ಅಧಿಕಾರಿಗಳ ನಾಮಾವಳಿ, ಕಟ್ಟಡಗಳ ವಿಸ್ತರಣ, ಗಣ್ಯರ ಸಂದರ್ಶನ ಇವುಗಳಿಂದ ಪುಟಗಳನ್ನು ತುಂಬುವುದು ವಾಡಿಕೆ. ಸ್ಮರಣ ಸಂಚಿಕೆಗಳ ಸಂಪ್ರದಾಯವೇ ಅದು. ನಾನು ಆ ಸಂಪ್ರದಾಯವನ್ನು ಕೊಂಚ ಬದಿಗಿರಿಸಿ, ಬಾಗಿಲು ಹಾಕಿಕೊಂಡ ಮೇಲೆ ಒಳಗಿದ್ದ ಹುಡುಗನು ಎಲ್ಲಿ ಮಲಗಿದನು, ಏನನ್ನು ಉಂಡನು, ಅವನ ಮೈಮೇಲೆ ಕೈಮಾಡಬಲ್ಲವರು ಯಾರಿದ್ದರು, ತಡೆಯಬಲ್ಲವರು ಎಷ್ಟು ಸಮೀಪದಲ್ಲಿದ್ದರು ಎಂಬ ಪ್ರಶ್ನೆಗಳನ್ನೇ ಹಿಡಿದು ಈ ವೃತ್ತಾಂತವನ್ನು ಹೇಳಲೆಳಸುತ್ತೇನೆ. ಸೆರೆಯಲ್ಲಿರಿಸಿದ ಬಾಲಕನ ಸುರಕ್ಷತೆಗೆ ಸಮರ್ಪಕವಾದ ಉತ್ತರವನ್ನು ಗೋಡೆಯ ಎತ್ತರವಾಗಲಿ ನಿಯಮಾವಳಿಯ ದಪ್ಪವಾಗಲಿ ಕೊಡಲಾರದೆಂಬುದು ಈ ಚರಿತ್ರೆಯನ್ನು ಓದಿದ ಮೇಲೆ ನನ್ನಲ್ಲಿ ನಿಂತಿರುವ ಅಭಿಪ್ರಾಯ.

ಬೋರ್ಸ್ಟಲ್‌ಗಿಂತ ಮುಂಚಿನ ಕಥೆಯನ್ನು ಒಂದಿಷ್ಟು ಹೇಳದಿದ್ದರೆ ಅದರ ಅವಶ್ಯಕತೆ ತಿಳಿಯಲಾರದು. 1838ರಲ್ಲಿ ವೈಟ್ ದ್ವೀಪದ ಪಾರ್ಕ್‌ಹರ್ಸ್ಟ್ ಎಂಬಲ್ಲಿ ಬ್ರಿಟಿಷ್ ಸರಕಾರವು ಬಾಲಕರಿಗೆಂದೇ ಒಂದು ಕಾರಾಗೃಹವನ್ನು ತೆರೆಯಿತು. ಬಾಲಕರಿಗೆಂದೇ ಎಂಬ ಮಾತಿನಲ್ಲಿ ಕಾರುಣ್ಯದ ಸದ್ದು ಕೇಳಿಸುತ್ತದೆ. ಆದರೆ ಆರಂಭದ ವರ್ಷಗಳಲ್ಲಿ ಆ ಬಾಲಕರ ಕಾಲಿಗೆ ಕಬ್ಬಿಣದ ಬಳೆಗಳಿದ್ದವು, ಒಬ್ಬರೊಡನೊಬ್ಬರು ಮಾತನಾಡದಂತೆ ಮೌನದ ಕಟ್ಟಳೆಯಿತ್ತು, ಶಿಕ್ಷೆಯ ಒಂದು ಘಟ್ಟವನ್ನು ದಾಟಿದವರನ್ನು ಹಡಗಿಗೇರಿಸಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಸಾಗಿಸಲಾಗುತ್ತಿತ್ತು. ಈ ಪಾರ್ಕ್‌ಹರ್ಸ್ಟನ್ನು ಕಟುವಾಗಿ ಖಂಡಿಸಿದವರಲ್ಲಿ ಅಗ್ರಗಣ್ಯಳೆಂದರೆ ಬ್ರಿಸ್ಟಲ್ ನಗರದ ಮೇರಿ ಕಾರ್ಪೆಂಟರ್. ರಾಜಾ ರಾಮಮೋಹನ ರಾಯರನ್ನು ಅವರ ಅಂತ್ಯಕಾಲದಲ್ಲಿ ಕಂಡಿದ್ದ ಈಕೆ 1866ರಲ್ಲಿ ನಮ್ಮ ದೇಶಕ್ಕೂ ಬಂದು, ಇಲ್ಲಿಯ ಸೆರೆಮನೆಗಳನ್ನು ನೋಡಿ, ಮಕ್ಕಳಿಗಾಗಿ ಸುಧಾರಣಾ ಶಾಲೆಗಳು ಬೇಕೆಂದು ಅಧಿಕಾರಿಗಳ ಬೆನ್ನುಬಿದ್ದವಳು. ಆಕೆಯಂಥವರ ಪ್ರಯತ್ನದಿಂದ 1854ರಲ್ಲಿ ಇಂಗ್ಲೆಂಡಿನಲ್ಲಿ ಸುಧಾರಣಾ ಶಾಲೆಗಳ ಶಾಸನವೇನೋ ಆಯಿತು. ಆದರೆ ಆ ಶಾಲೆಗೆ ಸೇರುವ ಮುನ್ನ ಹುಡುಗನು 14 ದಿವಸವಾದರೂ ಸೆರೆಮನೆಯಲ್ಲಿ ಕಳೆಯಲೇಬೇಕೆಂಬ ವಿಧಿಯನ್ನೂ ಅದರೊಳಗೆ ಸೇರಿಸಿದರು. ಶಿಕ್ಷೆಯ ರುಚಿಯನ್ನು ತೋರಿಸದೆ ಶಿಕ್ಷಣವನ್ನು ಕೊಟ್ಟರೆ ತಪ್ಪಿಗೆ ಬಹುಮಾನವಿತ್ತಂತಾದೀತೆಂಬ ಭಯ ಅಂದಿನವರಿಗಿತ್ತು. ಇಂದಿನವರಿಗೂ ಅದು ಪೂರ್ಣವಾಗಿ ಬಿಟ್ಟುಹೋಗಿದೆಯೆಂದು ನಾನು ಹೇಳಲಾರೆ. ಇಷ್ಟಾದರೂ ಈ ಶಾಲೆಗಳು ಹದಿನಾರರೊಳಗಿನವರಿಗೆ ಮಾತ್ರ. ಹದಿನಾರು ತುಂಬಿದ ಮರುದಿನ ಕಳ್ಳತನದಲ್ಲಿ ಸಿಕ್ಕಿಬಿದ್ದವನು ನಲವತ್ತು ವರ್ಷದ ಕೊಲೆಗಡುಕನ ಪಕ್ಕದ ಕೋಣೆಗೆ ಹೋಗತಕ್ಕವನೇ.

ಈ ಕೊರತೆಯನ್ನು 1895ರಲ್ಲಿ ಹರ್ಬರ್ಟ್ ಗ್ಲಾಡ್‌ಸ್ಟನ್ನನ ಅಧ್ಯಕ್ಷತೆಯ ಸಮಿತಿಯು ಸ್ಪಷ್ಟವಾಗಿ ಎತ್ತಿ ತೋರಿಸಿತು. ಅದೇ ವರ್ಷ ಕಾರಾಗೃಹ ಮಂಡಲಿಯ ಅಧ್ಯಕ್ಷನಾದ ಈವ್ಲಿನ್ ರಗಲ್ಸ್-ಬ್ರೈಸ್ ಎಂಬವನು ಮುಂದೆ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಸುಧಾರಣಾಲಯವನ್ನು ಕಂಡುಬಂದನು. ಅಲ್ಲಿಯ ಶಿಸ್ತು, ಕಸಬುಗಳ ತರಬೇತಿ, ನಡತೆಗೆ ತಕ್ಕಂತೆ ದರ್ಜೆಯೇರಿಸುವ ಏರ್ಪಾಡು ಇವೆಲ್ಲ ಅವನಿಗೆ ಮೆಚ್ಚುಗೆಯಾದವು. ಕುತೂಹಲದ ಸಂಗತಿಯೆಂದರೆ, ಅವನು ಅಲ್ಲಿಗೆ ಹೋಗುವುದಕ್ಕೆ ಕೆಲವೇ ವರ್ಷಗಳ ಹಿಂದೆ, 1893-94ರಲ್ಲಿ, ಅದೇ ಎಲ್ಮೈರಾದ ಮೇಲಧಿಕಾರಿ ಬ್ರಾಕ್‌ವೇ ಎಂಬವನು ಒಳಗಿನ ತರುಣರನ್ನು ಚರ್ಮದ ಪಟ್ಟಿಯಿಂದ ಹೊಡೆಯುತ್ತಿದ್ದನೆಂಬ ದೂರಿನ ಮೇಲೆ ದೊಡ್ಡ ವಿಚಾರಣೆಯೇ ನಡೆದಿತ್ತು. ಅತಿಥಿಯಾಗಿ ಹೋದವನ ಕಣ್ಣಿಗೆ ತೊಳೆದ ಅಂಗಳವೂ ಸಾಲಾಗಿ ನಿಂತ ಹುಡುಗರೂ ಕಾಣುತ್ತಾರೆ. ಸಂದರ್ಶಕರ ಪುಸ್ತಕದಲ್ಲಿ ಬರೆದುಹೋದ ಪ್ರಶಂಸೆಗಳನ್ನು ಆಧಾರವಾಗಿಟ್ಟುಕೊಂಡು ಇಂಥ ಸಂಸ್ಥೆಯ ಚರಿತ್ರೆಯನ್ನು ಬರೆಯಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಡ್‌ಫರ್ಡ್ ಸೆರೆಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿನೋಡಿದ ಮೇಲೆ, 1902ರ ಅಕ್ಟೋಬರಿನಲ್ಲಿ ರಗಲ್ಸ್-ಬ್ರೈಸನ ಯೋಜನೆಯು ಬೋರ್ಸ್ಟಲ್ ಗುಡ್ಡಕ್ಕೆ ಬಂದಿತು. ಅಲ್ಲಿ ಆಗಲೇ ಒಂದು ಸೆರೆಮನೆಯಿತ್ತು; ಚಾಟಮಿನ ನೌಕಾಗಾರವನ್ನು ಕಾಯುವ ಕೋಟೆಕೊತ್ತಲಗಳನ್ನು ಕಟ್ಟುವುದಕ್ಕೆಂದು ತಂದ ಕಠಿಣ ಶಿಕ್ಷೆಯ ಕೈದಿಗಳನ್ನು ಕೂಡಿಹಾಕಲು 1870ರ ದಶಕದಲ್ಲಿ ಎಬ್ಬಿಸಿದ ಕಟ್ಟಡ ಅದು. ಹೊಸ ತತ್ತ್ವವು ಹಳೆಯ ಕೋಣೆಗಳಲ್ಲಿಯೇ ಗೃಹಪ್ರವೇಶ ಮಾಡಬೇಕಾಯಿತೆಂಬುದನ್ನು ಇಲ್ಲಿ ಮರೆಯಬಾರದು. ಬೆಳಗ್ಗೆ ಎದ್ದೊಡನೆ ಅಂಗಸಾಧನೆ, ಹಗಲೆಲ್ಲ ಬಡಗಿಯ ಕೆಲಸ, ಗಾರೆಯ ಕೆಲಸ, ಹೊಲತೋಟಗಳ ದುಡಿಮೆ, ಸಂಜೆ ಓದುಬರಹ, ರಾತ್ರಿ ಒಬ್ಬೊಬ್ಬನಿಗೆ ಒಂದೊಂದು ಕೋಣೆ, ಹೊರಗಿನಿಂದ ಬೀಗ. ನಡತೆ ಉತ್ತಮವಾದಂತೆ ಹುಡುಗನು ಕೆಳದರ್ಜೆಯಿಂದ ಮೇಲ್ದರ್ಜೆಗೆ ಏರುವನು, ಕೆಲವು ಸೌಲಭ್ಯಗಳು ದೊರೆಯುವವು. ಬಿಡುಗಡೆಯಾದವನನ್ನು ಬೀದಿಗೆ ಬಿಟ್ಟು ಕೈತೊಳೆದುಕೊಳ್ಳದೆ, ಉಡಲು ಬಟ್ಟೆಯನ್ನೂ ಮಾಡಲು ಉದ್ಯೋಗವನ್ನೂ ಕಲ್ಪಿಸಿಕೊಡಲು ಬೋರ್ಸ್ಟಲ್ ಸಂಘವೆಂಬ ಒಂದು ಧರ್ಮಸಂಸ್ಥೆಯೇ ಸ್ಥಾಪಿತವಾಯಿತು. ಈ ಒಂದು ಅಂಶಕ್ಕಾಗಿ ರಗಲ್ಸ್-ಬ್ರೈಸನಿಗೆ ಎಷ್ಟು ಗೌರವ ಸಲ್ಲಿಸಿದರೂ ಸಾಲದು.

1908ರ ಅಪರಾಧ ನಿವಾರಣ ಶಾಸನವು ಈ ಪ್ರಯೋಗಕ್ಕೆ ಕಾನೂನಿನ ಮುದ್ರೆಯೊತ್ತಿತು. ನ್ಯಾಯಾಧೀಶನು ಒಂದರಿಂದ ಮೂರು ವರ್ಷಗಳ ಬೋರ್ಸ್ಟಲ್ ಬಂಧನವನ್ನು ವಿಧಿಸಬಹುದು. ಆ ಮೇರೆಯೊಳಗೆ ಹುಡುಗನು ಎಂದು ಹೊರಡತಕ್ಕವನೆಂಬುದನ್ನು ನಿರ್ಣಯಿಸುವವರು ಒಳಗಿನ ಅಧಿಕಾರಿಗಳು. ತಿದ್ದಿಕೊಂಡವನು ಬೇಗ ಹೋಗಲಿ ಎಂಬುದು ಇದರ ಸದುದ್ದೇಶ. ಆದರೆ ಇದರಲ್ಲಿ ಅಡಗಿರುವ ಅಪಾಯವನ್ನೂ ವಿವೇಕಿಯಾದವನು ಗಮನಿಸದಿರಲಾರನು: ತನ್ನ ಬಿಡುಗಡೆಯ ದಿನವನ್ನು ಯಾರು ಕೈಯಲ್ಲಿ ಹಿಡಿದಿದ್ದಾನೋ ಅವನ ಮೇಲೆಯೇ ದೂರು ಹೇಳಬೇಕಾಗಿ ಬಂದಾಗ ಹದಿನೇಳು ವರ್ಷದ ಹುಡುಗನು ಬಾಯಿ ತೆರೆಯುವುದುಂಟೆ? ಸೆರೆಯಲ್ಲಿರುವ ತರುಣರು ಏಕೆ ಮಾತನಾಡಲಿಲ್ಲ, ಏಕೆ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಮಾತ್ರ ಮಾತನಾಡಿದರು ಎಂದು ಕೇಳುವವರು ಈ ಏರ್ಪಾಡನ್ನು ಒಮ್ಮೆ ನೆನೆಯಬೇಕು.

ಬೋರ್ಸ್ಟಲ್ಲಿನ ಸುವರ್ಣಕಾಲವೆಂದು ಚರಿತ್ರಕಾರರು ಕೊಂಡಾಡುವುದು ಅಲೆಕ್ಸಾಂಡರ್ ಪ್ಯಾಟರ್ಸನ್ನನ ಕಾಲವನ್ನು. ಲಂಡನ್ನಿನ ಬರ್ಮಂಡ್ಸಿ ಎಂಬ ಬಡವರ ಕೇರಿಯಲ್ಲಿ ವರ್ಷಾನುಗಟ್ಟಲೆ ವಾಸವಾಗಿದ್ದು, ಅಲ್ಲಿಯ ಹುಡುಗರ ಮನೆ, ಬೀದಿ, ಹಸಿವು, ಹಟ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಈ ಮನುಷ್ಯನು 1922ರಲ್ಲಿ ಕಾರಾಗೃಹ ಮಂಡಲಿಯ ಸದಸ್ಯನಾದನು. ದೊಡ್ಡ ಸಂಸ್ಥೆಯನ್ನು ಹಲವು ಗೃಹಗಳಾಗಿ ಒಡೆದು, ಒಂದೊಂದು ಗೃಹಕ್ಕೂ ಒಬ್ಬೊಬ್ಬ ಗೃಹಪತಿಯನ್ನು ನೇಮಿಸಿ, ತನ್ನ ಗೃಹದ ಪ್ರತಿಯೊಬ್ಬ ಹುಡುಗನ ಸ್ವಭಾವವನ್ನೂ ಚರಿತ್ರೆಯನ್ನೂ ಅರಿತಿರುವುದು ಅವನ ಧರ್ಮವೆಂದು ವಿಧಿಸಿದನು. ಪಹರೆಯವರ ಸಮವಸ್ತ್ರವನ್ನು ಕಳಚಿಸಿ ಸಾಮಾನ್ಯ ಉಡುಪನ್ನು ತೊಡಿಸಿದನು. ಕಾವಲುಗಾರನ ಎದೆಯ ಮೇಲಿನ ಹಿತ್ತಾಳೆಯ ಗುಂಡಿಗಳು ಕಾಣದಾದುದರಿಂದಲೇ ಹುಡುಗರು ಸಾಧುಗಳಾದರೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಪ್ರೌಢನು ತನ್ನ ಪಾಲಿನ ಹುಡುಗರ ಜೊತೆಯಲ್ಲಿ ಉಂಡು, ಆಡಿ, ಅವರ ತಾಯಿಗೆ ಕಾಗದ ಬರೆದು, ಯಾರು ಯಾರಿಗೆ ಅಂಜುತ್ತಾನೆಂಬುದನ್ನು ಮುಖನೋಡಿಯೇ ತಿಳಿಯಬಲ್ಲವನಾಗಿದ್ದರೆ, ಅಲ್ಲಿ ಗುಟ್ಟಾಗಿ ನಡೆಯುವ ಹಿಂಸೆಗೆ ಅವಕಾಶ ಕಡಿಮೆಯಾಗುವುದು ಸಹಜವಷ್ಟೆ.

ಈ ವ್ಯವಸ್ಥೆಗೆ ಇಂಗ್ಲೆಂಡಿನ ಸಿರಿವಂತರ ವಸತಿಶಾಲೆಗಳೇ ಮಾದರಿಯಾದ್ದರಿಂದ, ಆ ಶಾಲೆಗಳ ಗುಣದೊಡನೆ ದೋಷವೂ ಇಲ್ಲಿಗೆ ಇಳಿದು ಬಂದಿತು. ಹುಡುಗರಲ್ಲಿಯೇ ಕೆಲವರನ್ನು ನಾಯಕರನ್ನಾಗಿ ಮಾಡಿ ಉಳಿದವರ ಮೇಲೆ ಅಧಿಕಾರ ಕೊಡುವುದು ಆ ದೋಷಗಳಲ್ಲೊಂದು. ನಮ್ಮ ಊರುಗಳ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದವರಿಗೆ, ವಾರ್ಡನ್ನನ ಕಣ್ಣು ತಪ್ಪಿದ ಹೊತ್ತಿನಲ್ಲಿ ಹಿರಿಯ ಹುಡುಗರ ರಾಜ್ಯಭಾರ ಹೇಗಿರುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆ ಕಾಲದ ಅತ್ಯಂತ ಸ್ಮರಣೀಯವಾದ ಘಟನೆ ನಡೆದದ್ದು 1930ರ ಮೇ ತಿಂಗಳಿನಲ್ಲಿ. ಅದೇ ಮಾದರಿಯಲ್ಲಿ ನಡೆಯುತ್ತಿದ್ದ, ಲಂಡನ್ನಿನ ಸಮೀಪದ ಫೆಲ್ಟಮ್ ಬೋರ್ಸ್ಟಲ್ಲಿನಿಂದ ಆರಿಸಿದ ತರುಣರ ಒಂದು ತಂಡವು, ಲೆವೆಲಿನ್ ಎಂಬ ಅಧಿಕಾರಿಯನ್ನು ಮುಂದಿಟ್ಟುಕೊಂಡು, ಬೇಡಿಯಿಲ್ಲದೆ, ಬಂಡಿಯಿಲ್ಲದೆ, ನಾಟಿಂಗ್‌ಹ್ಯಾಮ್ ಪ್ರಾಂತದ ಲೌಡಮ್ ಗ್ರೇಂಜ್ ಎಂಬ ಸ್ಥಳದವರೆಗೆ ಸುಮಾರು 130 ಮೈಲಿಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿತು. ಹೋಗಿ ಸೇರಿದಲ್ಲಿ ಅವರನ್ನು ಒಳಗೊಳ್ಳಲು ಕಟ್ಟಡವೇ ಇರಲಿಲ್ಲ. ಡೇರೆಗಳಲ್ಲಿ ಮಲಗಿ, ತಮ್ಮ ವಾಸಗೃಹಗಳನ್ನು ತಾವೇ ಕಟ್ಟಿಕೊಂಡರು. ಕಟ್ಟಿದ ಮೇಲೆಯೂ ಸುತ್ತುಗೋಡೆಯನ್ನು ಹಾಕಲಿಲ್ಲ. 1935ರಲ್ಲಿ ಇನ್ನೊಂದು ತಂಡ ಸ್ಟಾಫರ್ಡಿನಿಂದ ಹೀಗೆಯೇ ನಡೆದು ಪೂರ್ವತೀರಕ್ಕೆ ಹೋಗಿ, ವಾಷ್ ಕೊಲ್ಲಿಯ ಕೆಸರನ್ನು ಒಡ್ಡು ಹಾಕಿ ಬಿಗಿದು, ಸಮುದ್ರದಿಂದ ಉಳುವ ನೆಲವನ್ನು ಕಿತ್ತುಕೊಂಡಿತು. ಸರಕಾರವೊಂದು ತನ್ನ ಬಂದಿಗಳನ್ನು ಹೀಗೆ ನಂಬಿದ್ದು ಚರಿತ್ರೆಯಲ್ಲಿ ಅಪರೂಪ. ಆ ನಂಬಿಕೆ ಫಲಿಸಲು ಲೆವೆಲಿನ್ನನಂಥವನು ಹಗಲೂ ರಾತ್ರಿ ಅವರ ಜೊತೆಯಲ್ಲಿ ಅದೇ ಮಳೆಯಲ್ಲಿ ನೆನೆದದ್ದೇ ಕಾರಣವೆಂದು ನನ್ನ ಎಣಿಕೆ.

ಯುದ್ಧಾನಂತರದ ಕಥೆಯನ್ನು ಶೀಘ್ರವಾಗಿ ಹೇಳಿಬಿಡಬಹುದು. ಸಂಖ್ಯೆ ಹೆಚ್ಚಿತು, ಹಳೆಯ ಗೃಹಪತಿಗಳು ನಿವೃತ್ತರಾದರು, ಬಿಡುಗಡೆಯಾದವರು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಬರತೊಡಗಿದರು. ತಿದ್ದುವುದಕ್ಕಿಂತ ಬೆದರಿಸುವುದು ಲೇಸೆಂಬ ವಾದ ಬಲಿತು, 1948ರ ಶಾಸನದ ಮೂಲಕ ಅಲ್ಪಾವಧಿಯ ಕಠಿಣ ಬಂಧನಕೇಂದ್ರಗಳು ಹುಟ್ಟಿಕೊಂಡವು. ಡರಮ್ ಪ್ರಾಂತದ ಮೆಡಮ್ಸ್ಲಿ ಎಂಬಲ್ಲಿ 1961ರಿಂದ 1988ರವರೆಗೆ ನಡೆದ ಇಂಥದೊಂದು ಕೇಂದ್ರದಲ್ಲಿ ತಾವು ಹಿಂಸೆಗೂ ಲೈಂಗಿಕ ದೌರ್ಜನ್ಯಕ್ಕೂ ಗುರಿಯಾದೆವೆಂದು, ಅದು ಮುಚ್ಚಿ ದಶಕಗಳಾದ ಮೇಲೆ, 1,800ಕ್ಕೂ ಮಿಕ್ಕ ಮಂದಿ ಪೊಲೀಸರ ಮುಂದೆ ಹೇಳಿಕೊಂಡರು. ಹೇಳಿಕೊಂಡವರು ಆ ವೇಳೆಗೆ ಮಧ್ಯವಯಸ್ಕರು, ಅನೇಕರು ಅಜ್ಜಂದಿರು. 1982ರ ಶಾಸನವು ಬೋರ್ಸ್ಟಲ್ ಬಂಧನವನ್ನೇ ರದ್ದುಗೊಳಿಸಿತು. ಹೆಸರುಗಳು ಬದಲಾದವು, ಕಟ್ಟಡಗಳು ಉಳಿದವು.

ಇವುಗಳಲ್ಲಿ ಫೆಲ್ಟಮ್ಮಿನ ಒಂದು ರಾತ್ರಿಯನ್ನು ಬಿಟ್ಟು ಮುಂದೆ ಹೋಗಲಾಗದು. 2000ದ ಮಾರ್ಚ್ 21ರ ಮುಂಜಾವದಲ್ಲಿ, ಕ್ಷೌರದ ಅಲಗುಗಳ ಕಳವಿನಂಥ ಕ್ಷುದ್ರಾಪರಾಧಗಳಿಗಾಗಿ ತೊಂಬತ್ತು ದಿವಸಗಳ ಶಿಕ್ಷೆಗೊಳಗಾಗಿದ್ದ, ಏಷ್ಯಾ ಮೂಲದ, ಹತ್ತೊಂಬತ್ತು ವರ್ಷದ ತರುಣನೊಬ್ಬನು, ಬಿಡುಗಡೆಗೆ ಕೆಲವೇ ಗಂಟೆಗಳಿರುವಾಗ, ಅದೇ ಕೋಣೆಯಲ್ಲಿದ್ದ ಸಹಬಂದಿಯಿಂದ ಮೇಜಿನ ಕಾಲಿನ ಪೆಟ್ಟು ತಿಂದನು. ಒಂದು ವಾರದಲ್ಲಿ ತೀರಿಕೊಂಡನು. ಹೊಡೆದವನ ಜನಾಂಗದ್ವೇಷವೂ ಹಿಂಸಾಪ್ರವೃತ್ತಿಯೂ ಅವನ ಕಾಗದಪತ್ರಗಳಲ್ಲಿ, ಅವನು ಬರೆದ ಓಲೆಗಳಲ್ಲಿ ಇದ್ದೇ ಇದ್ದವು. ಓದಿ, ಜೋಡಿಸಿ, ಈ ಇಬ್ಬರನ್ನು ಒಂದೆಡೆ ಮಲಗಿಸಬಾರದೆಂದು ಹೇಳುವವರು ಇರಲಿಲ್ಲ. ನ್ಯಾಯಮೂರ್ತಿ ಕೀತ್ ಅವರ ವಿಚಾರಣಾ ವರದಿಯು 2006ರಲ್ಲಿ 88 ಶಿಫಾರಸುಗಳೊಡನೆ ಹೊರಬಿತ್ತು. ರಾತ್ರಿ ಯಾರನ್ನು ಯಾರ ಜೊತೆಯಲ್ಲಿ ಮಲಗಿಸುವುದು ಎಂಬುದು ಆಡಳಿತದ ಸಣ್ಣ ವಿಷಯವೆಂದು ತಿಳಿಯುವವರು ಆ ವರದಿಯನ್ನು ಓದತಕ್ಕದ್ದು.

ಇತ್ತ ಬೋರ್ಸ್ಟಲ್ ಗುಡ್ಡದ ಮೇಲೆ ಹಳೆಯ ಸೆರೆಮನೆಯ ಮಗ್ಗುಲಲ್ಲಿ 1970ರ ದಶಕದಲ್ಲಿ ಕುಕಮ್ ವುಡ್ ಎಂಬ ಇನ್ನೊಂದು ಕಾರಾಗೃಹವೂ, 1998ರಲ್ಲಿ ಹನ್ನೆರಡು ವರ್ಷ ತುಂಬಿದ ಮಕ್ಕಳಿಗಾಗಿ ಮೆಡ್ವೇ ಸುರಕ್ಷಿತ ತರಬೇತಿ ಕೇಂದ್ರವೂ ತಲೆಯೆತ್ತಿದವು. ಮೆಡ್ವೇ ಕೇಂದ್ರವನ್ನು ನಡೆಸುವ ಹೊಣೆಯನ್ನು ಖಾಸಗಿಯವರಿಗೆ ವಹಿಸಿದ್ದರು. 2016ರ ಜನವರಿಯಲ್ಲಿ ಬಿಬಿಸಿಯ ವರದಿಗಾರನೊಬ್ಬನು ಗುಪ್ತವಾಗಿ ಚಿತ್ರೀಕರಿಸಿ ತಂದ ದೃಶ್ಯಗಳಲ್ಲಿ, ಸಿಬ್ಬಂದಿಯೇ ಮಕ್ಕಳನ್ನು ಕೆಣಕಿ, ಒತ್ತಿಹಿಡಿದು, ಬಳಿಕ ವರದಿಯನ್ನು ತಮಗೆ ಬೇಕಾದಂತೆ ಬರೆದುಕೊಳ್ಳುವ ಪರಿಯನ್ನು ದೇಶವೆಲ್ಲ ನೋಡಿತು. ಅದೇ ವರ್ಷ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. 2020ರಲ್ಲಿ ಅದು ಮುಚ್ಚಿತು. 2017ರಲ್ಲಿ ಕಾರಾಗೃಹಗಳ ಮುಖ್ಯ ಪರಿವೀಕ್ಷಕ ಪೀಟರ್ ಕ್ಲಾರ್ಕ್ ಅವರು, ಆ ವರ್ಷಾರಂಭದ ಹೊತ್ತಿಗೆ ತಾವು ಪರಿಶೀಲಿಸಿದ್ದ ಸಂಸ್ಥೆಗಳಲ್ಲಿ ಮಕ್ಕಳನ್ನು ಇರಿಸಲು ಸುರಕ್ಷಿತವಾದದ್ದು ಒಂದೂ ಇರಲಿಲ್ಲವೆಂದು ವಾರ್ಷಿಕ ವರದಿಯಲ್ಲಿ ಬರೆದರು. ಸರಕಾರ ನೇಮಿಸಿದ ಪರಿವೀಕ್ಷಕನೇ ಸರಕಾರದ ವಿರುದ್ಧ ಇಷ್ಟು ನೇರವಾಗಿ ಬರೆಯಬಲ್ಲ ವ್ಯವಸ್ಥೆಯನ್ನು ಇಟ್ಟುಕೊಂಡಿರುವುದು ಆ ದೇಶದ ಹಿರಿಮೆ. ಬರೆದ ಮೇಲೆಯೂ ಪರಿಸ್ಥಿತಿ ತಿದ್ದದೆ ಹೋದದ್ದು ಅದರ ದೈನ್ಯ. 2023ರಲ್ಲಿ ಕುಕಮ್ ವುಡ್ಡನ್ನು ಪರಿಶೀಲಿಸಿದಾಗ ಅಲ್ಲಿದ್ದ ಹುಡುಗರು 77, ಸಿಬ್ಬಂದಿ 450ರ ಸಮೀಪ, ಹುಡುಗರ ಬಳಿ ಸಿಕ್ಕಿದ ಆಯುಧಗಳು 228. ಮರುವರ್ಷ ಅದರಲ್ಲಿ ಹುಡುಗರನ್ನಿಡುವುದನ್ನೇ ನಿಲ್ಲಿಸಬೇಕಾಯಿತು.

ಇಲ್ಲೊಂದು ವಿಪರ್ಯಾಸವನ್ನು ನಿಂತು ನೋಡಬೇಕು. 2008ರ ಸುಮಾರಿಗೆ ಇಂಗ್ಲೆಂಡು ವೇಲ್ಸ್‌ಗಳಲ್ಲಿ ಬಂಧನದಲ್ಲಿದ್ದ ಹದಿನೆಂಟರೊಳಗಿನ ಮಕ್ಕಳು ಸುಮಾರು 3,000. ಒಂದೂವರೆ ದಶಕದಲ್ಲಿ ಅವರ ಸಂಖ್ಯೆ 500ಕ್ಕೂ ಕೆಳಗಿಳಿಯಿತು. ಸಂಖ್ಯೆ ಇಳಿದರೆ ಸುರಕ್ಷತೆ ಏರಬೇಕೆಂಬುದು ಲೌಕಿಕ ನ್ಯಾಯ, ಆದದ್ದು ಬೇರೆ. ಸಣ್ಣ ತಪ್ಪಿನವರು ಹೊರಗುಳಿದುದರಿಂದ ಒಳಗೆ ಉಳಿದವರು ಅತ್ಯಂತ ನೊಂದವರು, ಅತ್ಯಂತ ಉಗ್ರರು; ಕೆಲವು ಸಂಸ್ಥೆಗಳು ಮುಚ್ಚಿದ್ದರಿಂದ ತಾಯಿತಂದೆಗಳ ಊರು ಇನ್ನಷ್ಟು ದೂರ; ಸಂಬಳಕ್ಕೂ ಶ್ರಮಕ್ಕೂ ಹೊಂದಿಕೆಯಿಲ್ಲವೆಂದು ಸಿಬ್ಬಂದಿ ಬಂದಷ್ಟೇ ಬೇಗ ಹೊರಟುಹೋಗುವರು. ಈ ಹುಡುಗನು ಆ ಹುಡುಗನ ಎದುರಿಗೆ ಬರಕೂಡದು, ಆ ಗುಂಪು ಈ ಗುಂಪಿನೊಡನೆ ಪಾಠಕ್ಕೆ ಕೂಡಕೂಡದು ಎಂದು ಪಟ್ಟಿಗಳು ಬೆಳೆಯುತ್ತವೆ. ಪಟ್ಟಿ ಬೆಳೆದಂತೆ ತರಗತಿ ನಡೆಸುವುದೂ ಊಟಕ್ಕೆ ಕರೆದೊಯ್ಯುವುದೂ ದುಸ್ಸಾಧ್ಯವಾಗಿ, ಕೊನೆಗೆ ಎಲ್ಲರನ್ನೂ ಅವರವರ ಕೋಣೆಯಲ್ಲಿ ದಿನದ ಬಹುಪಾಲು ಬೀಗ ಹಾಕಿ ಇಡುವುದೇ ಸುಲಭೋಪಾಯವಾಗುತ್ತದೆ. ಹಾಗೆ ಬೀಗದೊಳಗಿದ್ದು ಕುದಿದವನು ಬಾಗಿಲು ತೆರೆದೊಡನೆ ಹೊಡೆದಾಡುತ್ತಾನೆ. ಹೊಡೆದಾಡಿದನೆಂದು ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ. ಮೆಡ್ವೇ ಕೇಂದ್ರವಿದ್ದ ನಿವೇಶನದಲ್ಲಿ 2024ರಲ್ಲಿ ಧರ್ಮಸಂಸ್ಥೆಯೊಂದರ ಆಡಳಿತದಲ್ಲಿ ಸುರಕ್ಷಿತ ಶಾಲೆಯೆಂಬ ನವೀನ ಸಂಸ್ಥೆ ತೆರೆಯಿತು. ಅದರಲ್ಲಿ 49 ಮಕ್ಕಳಿಗೆ ಮಾತ್ರ ಸ್ಥಳ. ರಗಲ್ಸ್-ಬ್ರೈಸನ ಗುಡ್ಡದ ಮೇಲೆ ನೂರಿಪ್ಪತ್ತು ವರ್ಷಗಳ ನಂತರ ಮತ್ತೆ ಮೊದಲಿನಿಂದ ಆರಂಭ.

ಈಗ ನಮ್ಮ ದೇಶಕ್ಕೆ ಬರೋಣ. ಬೋರ್ಸ್ಟಲ್ ಹುಟ್ಟುವ ಮೊದಲೇ, 1876ರಲ್ಲಿ, ಅನಂತರ ತಿದ್ದಿದ ರೂಪದಲ್ಲಿ 1897ರಲ್ಲಿ, ಇಲ್ಲಿ ಸುಧಾರಣಾ ಶಾಲೆಗಳ ಶಾಸನವಿತ್ತು. 1897ರ ಶಾಸನದ ಆರನೆಯ ಕಲಮನ್ನು ಓದಿದವರಿಗೆ ಆಶ್ಚರ್ಯವಾದೀತು: ಇಂಥ ಪ್ರತಿಯೊಂದು ಶಾಲೆಯಲ್ಲಿಯೂ ರಾತ್ರಿ ಹುಡುಗರನ್ನು ಬೇರೆಬೇರೆಯಾಗಿರಿಸಲು ಸಾಕಷ್ಟು ಅನುಕೂಲವಿರಬೇಕು, ನೈರ್ಮಲ್ಯ, ನೀರು, ಆಹಾರ, ಉಡುಪು, ಹಾಸಿಗೆಗಳ ಸರಿಯಾದ ಏರ್ಪಾಡಿರಬೇಕು, ಕಸಬು ಕಲಿಸುವ ಸಾಧನವಿರಬೇಕು, ರೋಗಿಗಳಿಗೆ ಪ್ರತ್ಯೇಕ ಸ್ಥಳವಿರಬೇಕು. ಪರಕೀಯರ ಸರಕಾರದ ಲೇಖಣಿಯಿಂದ ಹೊರಟ ಈ ನಾಲ್ಕು ಮಾತುಗಳಲ್ಲಿ ಮೊದಲನೆಯದೇ ರಾತ್ರಿಯ ಮಾತು. ಹುಡುಗರನ್ನು ಕೂಡಿಹಾಕಿದಲ್ಲಿ ದೀಪ ಆರಿದ ಮೇಲೆ ಏನಾಗಬಲ್ಲುದೆಂಬುದನ್ನು ಅರಿತವರು ಅದನ್ನು ಬರೆದಿದ್ದರು. ಆದರೆ ಶಾಸನ ಹದಿನೈದರೊಳಗಿನ ಹುಡುಗರಿಗೆ ಮಾತ್ರ ಅನ್ವಯಿಸುತ್ತಿತ್ತು. ಶಾಲೆಗಳು ಇದ್ದದ್ದು ಕೈಬೆರಳೆಣಿಕೆಯಷ್ಟು. ಉಳಿದ ಮಕ್ಕಳಿಗೆ ಜಿಲ್ಲಾ ಸೆರೆಮನೆಯೇ ಗತಿ. ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷನಾಗಿದ್ದ 1919-20ರ ಕಾರಾಗೃಹ ಸಮಿತಿಯು ಮಕ್ಕಳನ್ನು ಸೆರೆಮನೆಗೆ ಕಳುಹಿಸಲೇಬಾರದೆಂಬ ಸಲಹೆಯನ್ನಿತ್ತ ಬಳಿಕ, ಮದರಾಸು 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಮಕ್ಕಳ ಶಾಸನಗಳನ್ನು ಮಾಡಿದವು. ಇವುಗಳ ಬೆನ್ನಲ್ಲಿಯೇ, ಸ್ವಲ್ಪ ದೊಡ್ಡ ವಯಸ್ಸಿನವರಿಗಾಗಿ, ಪ್ರಾಂತಪ್ರಾಂತಗಳಲ್ಲಿ ಬೋರ್ಸ್ಟಲ್ ಶಾಸನಗಳು ಬಂದವು. ಮದರಾಸಿನವರು ತಂಜಾವೂರಿನಲ್ಲಿ ಬೋರ್ಸ್ಟಲ್ ನಡೆಸಿದರು. ಮುಂಬಯಿಯ 1929ರ ಶಾಸನದ ಕಾಲದಲ್ಲಿ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಬೋರ್ಸ್ಟಲ್ ಶಾಲೆ ನಡೆಯಿತು.

ಪಂಜಾಬಿನ ಲಾಹೋರಿನಲ್ಲಿದ್ದ ಬೋರ್ಸ್ಟಲ್ ಸೆರೆಮನೆಯ ಹೆಸರನ್ನು ಸ್ವಾತಂತ್ರ್ಯಸಂಗ್ರಾಮದ ಚರಿತ್ರೆಯನ್ನು ಓದಿದ ಎಲ್ಲರೂ ಬಲ್ಲರು, ಆದರೆ ಬೇರೊಂದು ಕಾರಣಕ್ಕಾಗಿ. ಲಾಹೋರ್ ಪಿತೂರಿ ಮೊಕದ್ದಮೆಯ ಬಂದಿಗಳು ಅನ್ನ, ಬಟ್ಟೆ, ಓದಲು ಪುಸ್ತಕ, ಮನುಷ್ಯೋಚಿತವಾದ ನಡವಳಿಕೆ ಇವುಗಳನ್ನು ಬೇಡಿ 1929ರಲ್ಲಿ ಉಪವಾಸ ಹೂಡಿದರು. ಅವರಲ್ಲೊಬ್ಬನಾದ ಯತೀಂದ್ರನಾಥ ದಾಸನು 63 ದಿವಸಗಳ ನಿರಶನದ ಬಳಿಕ ಸೆಪ್ಟೆಂಬರ್ 13ರಂದು ಆ ಬೋರ್ಸ್ಟಲ್ಲಿನೊಳಗೆ ಪ್ರಾಣಬಿಟ್ಟನು. ತರುಣರ ಸುಧಾರಣೆಗೆಂದು ಮೀಸಲಾದ ಹೆಸರಿನ ಕಟ್ಟಡವೊಂದು ನಮ್ಮಲ್ಲಿ ಖ್ಯಾತವಾದದ್ದು ಊಟ ಬಟ್ಟೆಗಳ ಬೇಡಿಕೆಗಾಗಿ ನಡೆದ ಈ ಆತ್ಮಾರ್ಪಣದಿಂದ.

ಸ್ವಾತಂತ್ರ್ಯಾನಂತರ 1960ರಲ್ಲಿ ಕೇಂದ್ರಾಡಳಿತ ಪ್ರದೇಶಗಳಿಗೂ, 1964ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ಮಕ್ಕಳ ಶಾಸನಗಳಾದವು. ಶಾಸನಗಳು ಇದ್ದರೂ ಮಕ್ಕಳು ಸೆರೆಮನೆಯಲ್ಲಿಯೇ ಇದ್ದರು. ಕಾನಪುರದ ಕೇಂದ್ರ ಕಾರಾಗೃಹದಲ್ಲಿ ಬಾಲಬಂದಿಗಳು ವಯಸ್ಕ ಕೈದಿಗಳ ಲೈಂಗಿಕ ಪೀಡನಕ್ಕೆ ಗುರಿಯಾಗುತ್ತಿರುವರೆಂಬ ಪತ್ರಿಕಾ ವರದಿಯ ಮೇಲೆ 1982ರಲ್ಲಿ ಮುನ್ನಾ ಎಂಬವನ ಹೆಸರಿನ ಅರ್ಜಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. 1986ರಲ್ಲಿ ಪತ್ರಕರ್ತೆ ಶೀಲಾ ಬರ್ಸೆಯವರ ಅರ್ಜಿಯ ಮೇಲೆ ಅದೇ ನ್ಯಾಯಾಲಯವು, ಹದಿನಾರರೊಳಗಿನ ಮಕ್ಕಳನ್ನು ಸೆರೆಮನೆಯಲ್ಲಿಡಬಾರದೆಂದೂ, ಜಿಲ್ಲಾ ನ್ಯಾಯಾಧೀಶರು ತಾವೇ ಸೆರೆಮನೆಗಳಿಗೆ ಹೋಗಿ ನೋಡಬೇಕೆಂದೂ ಆದೇಶಿಸಿತು. ಆ ವರ್ಷವೇ, ಜಮ್ಮು-ಕಾಶ್ಮೀರವನ್ನುಳಿದು, ಅಖಿಲ ಭಾರತಕ್ಕೆ ಏಕರೂಪವಾದ ಬಾಲನ್ಯಾಯ ಶಾಸನ ಬಂದಿತು. ಅದರ ಸ್ಥಾನದಲ್ಲಿ 2000ದ ಶಾಸನ, ಅದರ ಸ್ಥಾನದಲ್ಲಿ 2015ರದು. ಜನರು ಇಂದಿಗೂ ರಿಮ್ಯಾಂಡ್ ಹೋಮ್ ಎಂದೇ ಕರೆಯುವ ವೀಕ್ಷಣಾಲಯಗಳು ಈಗ ಈ ಶಾಸನಕ್ಕೆ ಅಧೀನ.

ನಿಯಮಗಳ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಲ್ಲ. 2016ರಲ್ಲಿ ಹೊಸವು ಬರುವವರೆಗೆ ಜಾರಿಯಲ್ಲಿದ್ದ 2007ರ ಮಾದರಿ ನಿಯಮಗಳನ್ನು ನೋಡಿರಿ: ಐವತ್ತು ಮಕ್ಕಳ ನಿಲಯದಲ್ಲಿ ಇಪ್ಪತ್ತೈದು ಮಕ್ಕಳಿಗೊಂದರಂತೆ ಸಾವಿರ ಚದರಡಿಯ ಎರಡು ಮಲಗುವ ಕೋಣೆಗಳು, ಎಂದರೆ ತಲೆಗೆ 40 ಚದರಡಿ, ಎಂಟು ಶೌಚಗೃಹಗಳು, ಅಡುಗೆಮನೆ, ಊಟದ ಮನೆ, ಗ್ರಂಥಾಲಯ, ಕಾರ್ಯಾಗಾರಗಳ ಅಳತೆ, ಹಾಸಿಗೆ, ಜಮಖಾನೆ, ಹೊದಿಕೆ, ಸೊಳ್ಳೆಪರದೆ, ದಿನಕ್ಕೆ 600 ಗ್ರಾಂ ಧಾನ್ಯ, ಹದಿನಾರು ದಾಟಿದವನಿಗೆ 700, ಅದರಲ್ಲಿ ನೂರು ಗ್ರಾಂ ಆದರೂ ಗೋಧಿ, ರಾಗಿ ಅಥವಾ ಜೋಳ, ಬೇಳೆ 120 ಗ್ರಾಂ. ನಮ್ಮ ಹುಡುಗರಿಗೆ ಮುದ್ದೆ ರೊಟ್ಟಿಗಳು ಸಲ್ಲುವಂತೆ ದಿಲ್ಲಿಯಲ್ಲಿ ಕುಳಿತು ಬರೆದವರನ್ನು ಮೆಚ್ಚಬೇಕಾದದ್ದೇ. ಮಕ್ಕಳು ತಮ್ಮ ದೂರನ್ನು ಚೀಟಿಯಲ್ಲಿ ಬರೆದು ಹಾಕಲು ಒಂದು ಪೆಟ್ಟಿಗೆಯಿರಬೇಕು, ಅದರ ಕೀಲಿಕೈ ಸೂಪರಿಂಟೆಂಡೆಂಟರ ಬಳಿ ಇರಕೂಡದು, ನಿರ್ವಹಣ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು, ವಾರವಾರವೂ ತೆರೆಯಬೇಕು ಎಂದೂ ಅವು ವಿಧಿಸಿದ್ದವು. ಬಿಡುಗಡೆಯ ದಿನವನ್ನು ಕೈಯಲ್ಲಿ ಹಿಡಿದವನ ಮೇಲೆ ದೂರು ಹೇಳಲಾರದ ಬೋರ್ಸ್ಟಲ್ ಹುಡುಗನ ಸಂಕಟಕ್ಕೆ ಈ ಸಣ್ಣ ಕೀಲಿಕೈ ಒಂದು ಉತ್ತರ. ಅಕ್ಷರ ಬರುವ ಹುಡುಗನಿಗೆ, ವಾರವಾರವೂ ತೆರೆಯುವ ಅಧ್ಯಕ್ಷರಿದ್ದಲ್ಲಿ.

ಚದರಡಿಯನ್ನು ಅಳೆಯುವುದು ಸುಲಭ, ಗ್ರಾಮುಗಳನ್ನು ತೂಗುವುದು ಸುಲಭ. ರಾತ್ರಿಯ ಸರದಿಯಲ್ಲಿ ಎಷ್ಟು ರಕ್ಷಕರು ಎಚ್ಚರವಾಗಿದ್ದಾರೆ, ಖಾಲಿ ಬಿದ್ದ ಹುದ್ದೆಗಳೆಷ್ಟು, ಗುತ್ತಿಗೆಯ ಮೇಲೆ ಬಂದವರು ಎಷ್ಟು ತಿಂಗಳು ನಿಂತರು ಎಂಬುದನ್ನು ಅಳೆಯಲು ಯಾರೂ ಮುಂದಾಗುವುದಿಲ್ಲ. ಸಂಪೂರ್ಣಾ ಬೆಹುರಾ ಅವರ ಮೊಕದ್ದಮೆಯಲ್ಲಿ 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒತ್ತಿ ಹೇಳಿದ್ದೂ ಬಾಲನ್ಯಾಯ ಮಂಡಳಿಗಳಲ್ಲಿ, ಮಕ್ಕಳ ಆಯೋಗಗಳಲ್ಲಿ ಬರಿದಾಗಿರುವ ಸ್ಥಾನಗಳನ್ನು ತುಂಬಬೇಕೆಂಬ ಮಾತನ್ನೇ. ಪ್ಯಾಟರ್ಸನ್ನನ ಕಾಲದ ಬೋರ್ಸ್ಟಲ್ಲು ಸಹನೀಯವಾಗಿದ್ದುದಕ್ಕೂ, ಅವನ ತರುವಾಯ ಅದೇ ಬೋರ್ಸ್ಟಲ್ಲು ಕೆಟ್ಟುದಕ್ಕೂ, ಕಟ್ಟಡ ಒಂದೇ ಇದ್ದೂ ಫಲ ಬೇರೆಯಾದುದಕ್ಕೂ ಕಾರಣವನ್ನು ನಾನು ಈ ಲೆಕ್ಕದಲ್ಲಿಯೇ ಕಾಣುತ್ತೇನೆ.

ಈ ಲೇಖನವನ್ನು ಓದುವವರಲ್ಲಿ ಎರಡು ವಿಜ್ಞಾಪನೆಗಳಿವೆ. 2015ರ ಶಾಸನದ 54ನೆಯ ಕಲಮಿನಂತೆ, ಮೂವರಿಗೆ ಕಡಿಮೆಯಿಲ್ಲದ, ಒಬ್ಬ ಮಹಿಳೆಯೂ ಒಬ್ಬ ವೈದ್ಯಾಧಿಕಾರಿಯೂ ಇರುವ ಪರಿಶೀಲನಾ ತಂಡವು ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯೊಂದು ನಿಲಯಕ್ಕೂ ಹೋಗಿ, ವಾರದೊಳಗೆ ವರದಿಯನ್ನು ಒಪ್ಪಿಸತಕ್ಕದ್ದು. ಅಂಥ ಸಮಿತಿಗಳಲ್ಲಿ ಕೂರುವ ಯೋಗ ಬಂದ ವೈದ್ಯರೂ ಅಧ್ಯಾಪಕರೂ ಸಮಾಜಸೇವಕರೂ ಚಹಾ ಕುಡಿದು ಸಹಿ ಹಾಕಿ ಹಿಂದಿರುಗದೆ, ಹುಡುಗರೊಡನೆ ಸಿಬ್ಬಂದಿಯ ಕಿವಿಗೆ ಬೀಳದಷ್ಟು ದೂರದಲ್ಲಿ ಕುಳಿತು ಮಾತನಾಡಿ, ಸಾಧ್ಯವಾದರೆ ರಾತ್ರಿಯ ಊಟದ ಹೊತ್ತಿಗೆ ಒಮ್ಮೆ ಹೋಗಿಬರಲಿ. ಎರಡನೆಯದಾಗಿ, ಧಾರವಾಡದ ಬೋರ್ಸ್ಟಲ್ ಶಾಲೆಯಲ್ಲಿ ನೌಕರಿ ಮಾಡಿದವರ ಮಕ್ಕಳು ಮೊಮ್ಮಕ್ಕಳ ಮನೆಗಳಲ್ಲಿ ಹಳೆಯ ದಿನಚರಿ, ಊಟದ ಲೆಕ್ಕ, ಛಾಯಾಚಿತ್ರ, ಕಾಗದಪತ್ರಗಳೇನಾದರೂ ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ ಧಾರವಾಡದ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.